ಬೀಗವೂ ಪ್ರತಿಯೂ

ಕಳ್ಳತನಕ್ಕೂ ಒಂದು ಇತಿಹಾಸವುಂಟು. ಧಾನ್ಯವೇ ಸಂಪತ್ತಾಗಿದ್ದ ಕಾಲದಲ್ಲಿ ಕಳ್ಳನು ಕಣಜಕ್ಕೆ ಕನ್ನ ಕೊರೆದನು. ಒಡವೆಯ ಕಾಲದಲ್ಲಿ ಪೆಟ್ಟಿಗೆಯನ್ನು ಹೊತ್ತನು. ಬ್ಯಾಂಕು ಬಂದಾಗ ಸುಳ್ಳು ರುಜುವನ್ನು ಕಲಿತನು. ಈ ಎಲ್ಲರಿಗೂ ಸಮಾನವಾದ ಒಂದು ನಿಯಮವಿತ್ತು: ಕದಿಯುವ ವಸ್ತು ಕದ್ದವನಿಗೂ ಬೆಲೆಯುಳ್ಳದ್ದಾಗಿರಬೇಕು. ನಮ್ಮ ಕಾಲದ ಹೊಸ ಕಳ್ಳನು ಈ ನಿಯಮವನ್ನೇ ಮುರಿದಿದ್ದಾನೆ. ಶ್ರೀನಿವಾಸಪುರದ ಮಾವಿನ ವರ್ತಕನ ಲೆಕ್ಕಪತ್ರ, ಮಾಲೂರಿನ ಛಾಯಾಗ್ರಾಹಕನು ತೆಗೆದಿಟ್ಟ ಮದುವೆಯ ಚಿತ್ರಗಳು, ಕೋಲಾರದ ಸಂಶೋಧಕಿಯೊಬ್ಬಳು ನಾಲ್ಕು ವರ್ಷ ದುಡಿದು ಬರೆದ ಮಹಾಪ್ರಬಂಧ, ಇವುಗಳಿಂದ ಎಲ್ಲೋ ಪರದೇಶದಲ್ಲಿ ಕುಳಿತವನಿಗೆ ಮೂರು ಕಾಸಿನ ಪ್ರಯೋಜನವೂ ಇಲ್ಲ. ಅವನು ಅವನ್ನು ಮಾರಲಾರ, ಓದಲೂ ಆರ. ಆದರೆ ಅವುಗಳನ್ನು ಉಳ್ಳವರಿಗೆ ಅವು ಪ್ರಾಣಪ್ರಾಯವೆಂಬುದನ್ನು ಅವನು ಚೆನ್ನಾಗಿ ಬಲ್ಲ. ಆದಕಾರಣ ಅವನು ವಸ್ತುವನ್ನು ಒಯ್ಯುವುದೇ ಇಲ್ಲ. ಇದ್ದಲ್ಲಿಯೇ ಇರಿಸಿ, ಬೀಗ ಹಾಕಿ, ಬೀಗದ ಕೈಗೆ ಬೆಲೆ ಹೇಳುತ್ತಾನೆ.

ಈ ಹಾವಳಿಗೆ ಲೋಕದಲ್ಲಿ ‘ರಾನ್ಸಮ್‌ವೇರ್’ ಎಂದು ಹೆಸರು. ಸೆರೆಯಾಳನ್ನು ಬಿಡಿಸಿಕೊಳ್ಳಲು ತೆರುವ ಒತ್ತೆಹಣವೇ ರಾನ್ಸಮ್. ಒತ್ತೆಯಾಳಿನ ಸ್ಥಾನದಲ್ಲಿ ಈಗ ನಮ್ಮ ಕಡತಗಳಿವೆ ಎಂದರೆ ಅರ್ಥ ಮುಗಿಯಿತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಯಂತ್ರವಿದ್ಯೆ ನನ್ನ ಕ್ಷೇತ್ರವಲ್ಲ. ಆದರೂ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದಕ್ಕೆ ಕಾರಣವುಂಟು. ಮೇಲುನೋಟಕ್ಕೆ ಇದು ಯಂತ್ರದ ಪ್ರಶ್ನೆ. ಒಳಹೊಕ್ಕು ನೋಡಿದರೆ ಬರಹವು ಉಳಿಯುವುದು ಹೇಗೆ ಎಂಬ ಪ್ರಶ್ನೆ. ಅದಕ್ಕೆ ಕನ್ನಡ ನಾಡು ಸಾವಿರ ವರ್ಷಗಳ ಹಿಂದೆಯೇ ಒಂದು ಉತ್ತರವನ್ನು ಕೊಟ್ಟಿದೆ.

ಮೊದಲು ರೋಗದ ಹುಟ್ಟನ್ನು ನೋಡೋಣ. ಈ ಬಗೆಯ ಮೊದಲ ಸುಲಿಗೆ ನಡೆದದ್ದು 1989ರಲ್ಲಿ. ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿ, ಏಡ್ಸ್ ರೋಗದ ವಿಷಯವಾದ ಮಾಹಿತಿ ಇದೆಯೆಂದು ನಂಬಿಸಿ, ಸುಮಾರು 20,000 ಫ್ಲಾಪಿಗಳನ್ನು ಅಂಚೆಯ ಮೂಲಕ ಕಳುಹಿಸಿದನು. ಅವನ್ನು ಬಳಸಿದವರ ಕಂಪ್ಯೂಟರಿನಲ್ಲಿ ಕೆಲವು ದಿನಗಳ ಮೇಲೆ ಕಡತಗಳ ಹೆಸರುಗಳೆಲ್ಲ ಕಲಸಿಹೋದವು. ಪನಾಮಾ ದೇಶದ ಒಂದು ಅಂಚೆ ಪೆಟ್ಟಿಗೆಗೆ 189 ಡಾಲರು ಕಳುಹಿಸಿರೆಂಬ ಒಕ್ಕಣೆ ತೆರೆಯ ಮೇಲೆ ಮೂಡಿತು. ಆದರೆ ಆ ಬೀಗ ಬಲು ಎಳಸು. ಹಾಕುವ ಕೈಯೂ ತೆಗೆಯುವ ಕೈಯೂ ಒಂದೇ ಆಗಿದ್ದುದರಿಂದ, ಬಲ್ಲವರು ಬೇಗನೆ ಬಿಡಿಸುವ ಉಪಾಯವನ್ನು ಕಂಡುಕೊಂಡರು.

ಇಂದಿನ ಬೀಗ ಹಾಗಲ್ಲ. ನಮ್ಮ ಸಂತೆಯಲ್ಲಿ ಮಾರುವ, ಒತ್ತಿದರೆ ತಾನೇ ಮುಚ್ಚಿಕೊಳ್ಳುವ ಬೀಗವನ್ನು ನೆನೆಯಿರಿ. ಅದನ್ನು ಮುಚ್ಚಲು ಕೈ ಬೇಕಿಲ್ಲ. ಯಾರು ಬೇಕಾದರೂ ಒತ್ತಬಹುದು. ತೆರೆಯಲು ಮಾತ್ರ ಕೈ ಬೇಕು. ಗಣಿತದಲ್ಲಿ ಇಂಥದೇ ಜೋಡಿಯೊಂದುಂಟು: ಮುಚ್ಚುವ ಸಂಖ್ಯೆ ಬೇರೆ, ತೆರೆಯುವ ಸಂಖ್ಯೆ ಬೇರೆ, ಒಂದನ್ನು ತಿಳಿದವನು ಇನ್ನೊಂದನ್ನು ಎಣಿಸಿ ಕಂಡುಹಿಡಿಯಲಾರ. ನಮ್ಮ ಬ್ಯಾಂಕಿನ ವ್ಯವಹಾರವನ್ನು ಕಾಯುವುದೂ ಇದೇ ಗಣಿತವೇ. ಇದನ್ನು ಸುಲಿಗೆಗೂ ಬಳಸಬಹುದೆಂದು 1996ರಷ್ಟು ಹಿಂದೆಯೇ ಆಡಂ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ವಿದ್ವಾಂಸರು ಎಚ್ಚರಿಸಿದ್ದರು. ಕಳ್ಳನು ಮುಚ್ಚುವ ಬೀಗವನ್ನಷ್ಟೆ ನಮ್ಮ ಯಂತ್ರಕ್ಕೆ ಕಳುಹಿಸುತ್ತಾನೆ. ತೆರೆಯುವ ಕೈ ಅವನ ಬಳಿಯಲ್ಲಿಯೇ ಉಳಿಯುತ್ತದೆ. ಯಂತ್ರವನ್ನು ಎಷ್ಟು ಬಗೆದು ನೋಡಿದರೂ ಇಲ್ಲದ ಕೈ ಸಿಕ್ಕುವುದೆಂತು? 2009ರಲ್ಲಿ ಬಿಟ್‌ಕಾಯಿನ್ ಎಂಬ ನಾಣ್ಯವಿಲ್ಲದ ಹಣ ಚಲಾವಣೆಗೆ ಬಂದ ಮೇಲೆ, ಮುಖ ತೋರದೆ ಹಣ ಪಡೆಯುವ ದಾರಿಯೂ ಅವನಿಗೆ ದೊರಕಿತು. 2013ರಲ್ಲಿ ಬಂದ ಕ್ರಿಪ್ಟೋಲಾಕರ್ ಈ ಎರಡನ್ನೂ ಕೂಡಿಸಿತು. ಅಲ್ಲಿಂದ ಮುಂದೆ ಇದು ಒಬ್ಬನ ಚೇಷ್ಟೆಯಾಗಿ ಉಳಿಯಲಿಲ್ಲ. ಕೂಲಿಯವರೂ ದಲ್ಲಾಳಿಗಳೂ ಪಾಲುಗಾರರೂ ಉಳ್ಳ ಒಂದು ವ್ಯಾಪಾರವಾಯಿತು.

ಇದೆಲ್ಲ ದೂರದ ಮಾತೆಂದು ನಮ್ಮ ಸೀಮೆಯವರು ಎಣಿಸುವಂತಿಲ್ಲ. ಮುಳಬಾಗಿಲೆಂದರೆ ಮೂಡಲ ಬಾಗಿಲು. ಹಿಂದಿನವರು ನಾಡಿನ ಪೂರ್ವದ ಹೆಬ್ಬಾಗಿಲೆಂದೇ ಆ ಊರನ್ನು ಕರೆದರು. 2017ರ ಮೇ 12ರಂದು ವನ್ನಾಕ್ರೈ ಎಂಬ ಪಿಡುಗು ಲೋಕದ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳಿಗೆ ಬೀಗ ಹಾಕಿದಾಗ, ಅದು ಆ ಬಾಗಿಲಿನ ಹೊಸ್ತಿಲಾಚೆಗೇ ಬಂದು ನಿಂತಿತ್ತು. ಗಡಿಯಾಚೆಯ ಚಿತ್ತೂರು ಮೊದಲಾದ ಆಂಧ್ರದ ಜಿಲ್ಲೆಗಳಲ್ಲಿ ಪೊಲೀಸು ಕಚೇರಿಗಳ ಕಂಪ್ಯೂಟರುಗಳು ಅದಕ್ಕೆ ಸಿಕ್ಕಿದವು. ನಮ್ಮವರು ವರ್ಷವರ್ಷವೂ ಯಾತ್ರೆ ಹೋಗುವ ತಿರುಮಲೆಯ ದೇವಸ್ಥಾನದ ಆಡಳಿತದಲ್ಲಿಯೂ ಕೆಲವು ಹಳೆಯ ಯಂತ್ರಗಳು ಸಿಕ್ಕಿದವು. ಪಡುವಲಲ್ಲಿ ಕೇರಳದ ವಯನಾಡಿನ ಪಂಚಾಯತಿ ಕಚೇರಿಗೂ ಅದು ಮುಟ್ಟಿತು. ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಗೂ ನಮ್ಮ ಕಡೆಯ ಒಂದು ಪಂಚಾಯತಿಗೂ ಅದು ಭೇದವನ್ನೆಣಿಸಲಿಲ್ಲ. ಒಂದೊಂದು ಯಂತ್ರಕ್ಕೂ ಕೇಳಿದ ಬೆಲೆ ಮೊದಲಿಗೆ 300 ಡಾಲರು.

ಇಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ಆ ಪಿಡುಗು ಹೊಕ್ಕ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ 14ರಂದು, ಎಂದರೆ ಎರಡು ತಿಂಗಳು ಮೊದಲೇ, ಕೊಟ್ಟಿತ್ತು. ತೇಪೆಯನ್ನು ಹಾಕಿಕೊಂಡವರು ಉಳಿದರು; ನಾಳೆಗೆ ತಳ್ಳಿದವರು ಸಿಕ್ಕಿದರು. ನಮ್ಮ ಊರುಗಳಲ್ಲಿ ಈ ‘ನಾಳೆ’ಗೆ ಒಂದು ವಿಶೇಷ ಕಾರಣವುಂಟು, ಅದು ನಮ್ಮ ಭಾಷೆಗೇ ಸಂಬಂಧಿಸಿದ್ದು. ಕನ್ನಡ ಅಚ್ಚುಜೋಡಣೆಯ ಅಂಗಡಿಗಳಲ್ಲಿ ಇಂದಿಗೂ ಹಳೆಯ ಪೇಜ್‌ಮೇಕರನ್ನೂ ಹಳೆಯ ಸಂಕೇತದ ಅಕ್ಷರಗಳನ್ನೂ ನಂಬಿ ನಡೆಯುವ ಯಂತ್ರಗಳಿವೆ. ಹೊಸ ವ್ಯವಸ್ಥೆಯಲ್ಲಿ ಅಕ್ಷರ ಒಡೆದೀತೆಂಬ ಅಂಜಿಕೆಯಿಂದ, ತೇಪೆ ನಿಂತುಹೋದ ಯಂತ್ರವನ್ನೇ ಜನ ಉಳಿಸಿಕೊಳ್ಳುತ್ತಾರೆ. ವಿಂಡೋಸ್ ಎಕ್ಸ್‌ಪಿಗೆ ಆಧಾರ 2014ರ ಏಪ್ರಿಲಿನಲ್ಲಿಯೇ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಆಧಾರವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿದ್ಯಾರ್ಥಿಗಳ ಪ್ರಬಂಧ, ಅಧ್ಯಾಪಕರ ಪ್ರಶ್ನೆಪತ್ರಿಕೆ, ಊರಿನ ಕವಿಯ ಕವನಸಂಗ್ರಹ ಎಲ್ಲವೂ ಪೆನ್‌ಡ್ರೈವಿನಲ್ಲಿ ಪಯಣಿಸಿ ಈ ಯಂತ್ರಗಳನ್ನೇ ಸೇರುತ್ತವೆ. ಅಲ್ಲಿ ಅಂಟಿದ್ದನ್ನು ಮತ್ತೆ ಮನೆಗೆ ತರುತ್ತವೆ. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳುವುದು ಕನ್ನಡದ ಕೆಲಸವೆಂದು ತಿಳಿದಿದ್ದೆವಷ್ಟೆ. ಅದು ಕಾವಲಿನ ಕೆಲಸವೂ ಹೌದು.

ಒಂದು ಯಂತ್ರ ಕೆಟ್ಟರೆ ಒಬ್ಬನ ನಷ್ಟವೆನ್ನೋಣ. ಆದರೆ ಈಗ ಒಂದು ಯಂತ್ರದಲ್ಲಿ ಸಾವಿರಾರು ಬದುಕುಗಳು ಕೂಡಿವೆ. ಹಿಂದೆ ಶಾನುಭೋಗರ ದಫ್ತರಕ್ಕೆ ಗೆದ್ದಲು ಹತ್ತಿದರೆ ಹಾಳಾಗುತ್ತಿದ್ದುದು ಒಂದು ಊರಿನ ಲೆಕ್ಕ. ಭೂಮಿ ಯೋಜನೆ ಬಂದ ಮೇಲೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ರೈತನಿಗೆ ಅನುಕೂಲವಾಯಿತೆಂಬುದೇನೋ ನಿಜ. ಜತೆಗೆ, ಕಾಯಬೇಕಾದ ಹೊಣೆಯೂ ಅಷ್ಟೇ ಪಾಲು ಬೆಳೆಯಿತೆಂಬುದೂ ನಿಜ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಐದು ಸರ್ವರುಗಳಿಗೆ ಬೀಗ ಬಿದ್ದಾಗ, ದೇಶದ ಹಿರಿಯ ಆಸ್ಪತ್ರೆ ದಿನಗಟ್ಟಲೆ ಕಾಗದ ಲೇಖನಿಗಳಿಂದ ರೋಗಿಗಳ ಹೆಸರು ಬರೆದುಕೊಳ್ಳಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದುದೇ ಕಾರಣವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು. ಮನೆಯ ಒಳಕೋಣೆಗಳಿಗೆ ಬಾಗಿಲಿಲ್ಲದಿದ್ದರೆ, ಪಡಸಾಲೆಗೆ ಬಂದ ಕಳ್ಳ ದೇವರ ಮನೆಗೂ ಬಂದಂತೆಯೇ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸಂಸ್ಥೆಯ ಯಂತ್ರಗಳಿಗೆ ಇದೇ ಗತಿಯಾದಾಗ, ಅದನ್ನು ನೆಚ್ಚಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ನಿಂತಿತು. ಹಾಲಿನ ಬಟವಾಡೆಯಿಂದ ಹಿಡಿದು ಸ್ತ್ರೀಶಕ್ತಿ ಸಂಘದ ಸಾಲದವರೆಗೆ ಸಹಕಾರವನ್ನೇ ಬೆನ್ನೆಲುಬಾಗಿ ಉಳ್ಳ ನಮ್ಮಂಥ ಜಿಲ್ಲೆ, ಅಂಥದೊಂದು ದಿನ ತನಗೆ ಬಂದರೆ ಏನೆಂಬುದನ್ನು ಯೋಚಿಸಿಕೊಳ್ಳಬೇಕು.

ಈಗ ಆ ಸಾವಿರ ವರ್ಷಗಳ ಹಿಂದಿನ ಉತ್ತರಕ್ಕೆ ಬರೋಣ. ಹತ್ತನೆಯ ಶತಮಾನದ ಕವಿ ಪೊನ್ನನ ‘ಶಾಂತಿಪುರಾಣ’ವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ನಾವು ಅದನ್ನು ಔದಾರ್ಯದ ಕಥೆಯಾಗಿ ಪಾಠ ಹೇಳುತ್ತೇವೆ. ಅದು ಬುದ್ಧಿವಂತಿಕೆಯ ಕಥೆಯೂ ಹೌದು. ಅದೇ ಪೊನ್ನನು ‘ಭುವನೈಕರಾಮಾಭ್ಯುದಯ’ವೆಂಬ ಇನ್ನೊಂದು ಕಾವ್ಯವನ್ನು ಬರೆದನು; ಅದು ನಮಗೆ ದೊರೆತಿಲ್ಲ. ಸಾವಿರ ಪ್ರತಿಗಳೇ ಒಂದರ ಉಳಿವಿಗೆ ಏಕೈಕ ಕಾರಣವೆಂದು ನಾನು ಹೇಳಲಾರೆ. ಕಾಲದ ಲೀಲೆ ಹಲವು ಬಗೆಯದು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳ ಈ ಎರಡು ಗತಿ ನಮ್ಮ ಕಣ್ಣ ಮುಂದಿದೆ. ಓಲೆಗರಿಗೆ ಹುಳುವಿನ ಭಯ, ಬೆಂಕಿಯ ಭಯ, ದಂಡಿನ ಭಯ. ಅತ್ತಿಮಬ್ಬೆ ಇವುಗಳ ಮೇಲೆ ಯುದ್ಧ ಹೂಡಲಿಲ್ಲ; ಯಾವ ಒಂದು ಬೆಂಕಿಯೂ ಸಾಕಾಗದಂತೆ ಕೃತಿಯನ್ನು ಚೆಲ್ಲಿದಳು. ಬೀಗ ಹಾಕುವ ಕಳ್ಳನ ಬಲ ಇರುವುದು ಅವನ ಗಣಿತದಲ್ಲಲ್ಲ. ನಮ್ಮಲ್ಲಿ ಇರುವುದು ಒಂದೇ ಪ್ರತಿ ಎಂಬುದರಲ್ಲಿ. ಎರಡನೆಯ ಪ್ರತಿ ಬೇರೆಡೆಯಲ್ಲಿ ಸುರಕ್ಷಿತವಾಗಿದ್ದ ಗಳಿಗೆಯಿಂದ ಅವನ ಕೈಯ ಬೀಗದ ಕೈಗೆ ಬೆಲೆಯೇ ಇಲ್ಲ.

ಆದರೆ ಪ್ರತಿಯೆಂದರೆ ಏನು? ಬಹುಮಂದಿ ಇಲ್ಲಿಯೇ ತಪ್ಪುತ್ತಾರೆ. ಅದೇ ಯಂತ್ರದ ಇನ್ನೊಂದು ಫೋಲ್ಡರಿನಲ್ಲಿಟ್ಟದ್ದು ಪ್ರತಿಯಲ್ಲ. ಯಂತ್ರಕ್ಕೆ ಸದಾ ಸಿಕ್ಕಿಸಿಯೇ ಇರುವ ಡಿಸ್ಕಿನಲ್ಲಿಟ್ಟದ್ದೂ ಪ್ರತಿಯಲ್ಲ. ಬೀಗ ಬೀಳುವಾಗ ಅವಕ್ಕೂ ಒಟ್ಟಿಗೇ ಬೀಳುತ್ತದೆ. ಅಂತರ್ಜಾಲದ ಮೋಡದಲ್ಲಿ ತಾನಾಗಿಯೇ ಹೊಂದಿಕೊಳ್ಳುವ ಸಂಗ್ರಹವೂ ಬೀಗ ಬಿದ್ದ ಕಡತವನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡೀತು. ಹಿಂದಿನ ರೂಪಗಳನ್ನು ಕೆಲವು ದಿನ ಉಳಿಸುವ ಏರ್ಪಾಡು ಅಲ್ಲಿದ್ದರೆ ಮಾತ್ರ ಪ್ರಯೋಜನ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕನಿಂದ ಪ್ರಚಾರಕ್ಕೆ ಬಂದ 3-2-1 ಎಂಬ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ವಾರಕ್ಕೊಮ್ಮೆ ಹೊರ ಡಿಸ್ಕಿಗೆ ನಕಲು ಮಾಡಿ, ತಂತಿಯನ್ನು ಬಿಡಿಸಿ, ಬೀರುವಿನಲ್ಲಿಡುವುದಕ್ಕೆ ಬೇಕಾದದ್ದು ಕೆಲವು ಸಾವಿರ ರೂಪಾಯಿ ಮತ್ತು ಅರ್ಧ ಗಂಟೆ.

ಇಷ್ಟಾದರೂ ಸಾಲದೆಂಬುದನ್ನು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯ ತೋರಿಸಿಕೊಟ್ಟಿದೆ. 2023ರ ಅಕ್ಟೋಬರಿನಲ್ಲಿ ರೈಸಿಡಾ ಎಂಬ ತಂಡ ಅದರ ಯಂತ್ರಗಳನ್ನು ಕೆಡಿಸಿ 20 ಬಿಟ್‌ಕಾಯಿನ್ ಕೇಳಿತು. ಗ್ರಂಥಾಲಯ ಕೊಡಲಿಲ್ಲ, ಕಳ್ಳರು ಸುಮಾರು 600 ಗಿಗಾಬೈಟಿನಷ್ಟು ಕಡತಗಳನ್ನು ಬಯಲಿಗೆ ಚೆಲ್ಲಿದರು. ಲೋಕದ ವಿದ್ವಾಂಸರು ನೆಚ್ಚಿದ್ದ ಪುಸ್ತಕಸೂಚಿ ಓದಲು ಮತ್ತೆ ದೊರೆತದ್ದು 2024ರ ಜನವರಿ 15ರಂದು. ಆ ಸಂಗ್ರಹದ ಕನ್ನಡ ಪುಸ್ತಕಗಳಿಗೆ ಬಾರ್ನೆಟ್ ಪಂಡಿತರು 1910ರಲ್ಲಿ ಅಚ್ಚು ಹಾಕಿಸಿದ ಸೂಚಿಯೊಂದಿದೆ. ಅದಕ್ಕೆ ಯಾವ ಕಳ್ಳನೂ ಬೀಗ ಹಾಕಲಾರ! ಮುಂದೆ ಆ ಸಂಸ್ಥೆ ತನ್ನ ಅನುಭವವನ್ನು ಮುಚ್ಚಿಡದೆ ವರದಿಯಾಗಿ ಪ್ರಕಟಿಸಿತು. ಡಿಜಿಟಲ್ ಸಂಗ್ರಹದ ಪ್ರತಿಗಳೆಲ್ಲ ಭದ್ರವಾಗಿದ್ದವು. ಅವನ್ನು ಮತ್ತೆ ಇಳಿಸಿ ನಡೆಸಲು ಯೋಗ್ಯವಾದ ಯಂತ್ರವ್ಯವಸ್ಥೆಯೇ ಉಳಿದಿರಲಿಲ್ಲ ಎಂಬುದು ಅದರ ಸಾರಗಳಲ್ಲೊಂದು. ಪ್ರತಿಯನ್ನು ಇಟ್ಟರೆ ಸಾಲದು. ಆಗಾಗ ತೆರೆದು ಓದಿ, ಅದು ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಗೆದ್ದಲು ಹಿಡಿದಿದೆಯೋ ಇಲ್ಲವೋ ಎಂದು ಹಿಂದಿನವರು ಓಲೆಯ ಕಟ್ಟನ್ನು ಬಿಚ್ಚಿ ನೋಡುತ್ತಿದ್ದುದೂ ಇದಕ್ಕಾಗಿಯೇ ಅಲ್ಲವೆ?

‘ಕೇಳಿದ್ದನ್ನು ಕೊಟ್ಟು ತಲೆನೋವು ಕಳೆದುಕೊಂಡರೇನು?’ ಎನ್ನುವವರುಂಟು. ವಿಪತ್ತಿನಲ್ಲಿ ಸಿಕ್ಕಿದವರನ್ನು ದೂರುವುದು ನನಗೆ ಸಲ್ಲದು. ಆದರೆ ಲೆಕ್ಕ ಹಾಕಿ ನೋಡೋಣ. 2021ರ ಮೇ ತಿಂಗಳಿನಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಸಂಸ್ಥೆ 75 ಬಿಟ್‌ಕಾಯಿನ್, ಎಂದರೆ ಸುಮಾರು 44 ಲಕ್ಷ ಡಾಲರು, ತೆತ್ತಿತು. ಬಂದ ಕೈ ಎಷ್ಟು ನಿಧಾನವಾಗಿ ಬೀಗ ತೆರೆಯುತ್ತಿತ್ತೆಂದರೆ, ಸಂಸ್ಥೆ ತನ್ನಲ್ಲಿದ್ದ ಪ್ರತಿಗಳನ್ನೇ ನೆಚ್ಚಬೇಕಾಯಿತು. ಕೊಟ್ಟವನಿಗೆ ಕೈ ಬಂದೇ ಬರುತ್ತದೆಂಬುದಕ್ಕೆ ಹೊಣೆ ಯಾರು? ಕೊಡಬಲ್ಲವನೆಂದು ತಿಳಿದ ಮೇಲೆ ಮತ್ತೆ ಬಾರನೆಂಬುದಕ್ಕೆ ಹೊಣೆ ಯಾರು? ನಾವು ತೆತ್ತ ಹಣ ಮುಂದಿನ ಊರಿನ ಬೀಗಕ್ಕೆ ಬಂಡವಾಳವಾಗುತ್ತದೆ. ಇನ್ನೊಂದು ಬದಿಯಲ್ಲಿ, ಕೊಡಲೂ ಆರದೆ ಪ್ರತಿಯೂ ಇಲ್ಲದೆ ಮುಳುಗಿದವರಿದ್ದಾರೆ: ಇಂಗ್ಲೆಂಡಿನ ಕೆ.ಎನ್.ಪಿ. ಎಂಬ 158 ವರ್ಷಗಳ ಸಾಗಣೆ ಸಂಸ್ಥೆ 2023ರಲ್ಲಿ ಹೀಗೆ ಮುಚ್ಚಿಹೋಗಿ ಸುಮಾರು 700 ಮಂದಿ ಕೆಲಸ ಕಳೆದುಕೊಂಡರು. ಒಬ್ಬ ನೌಕರನ ಸುಲಭವಾದ ಗುಪ್ತಪದವನ್ನು ಊಹಿಸಿ ಒಳಹೊಕ್ಕರೆಂದು ತಿಳಿಯಲಾಗಿದೆ.

ಪ್ರತಿಯಿಂದಲೂ ಆಗದ ಕೆಲಸವೊಂದುಂಟು; ಅದನ್ನು ಹೇಳದೆ ಬಿಡಬಾರದು. 2019ರಿಂದೀಚೆಗೆ ಕಳ್ಳರು ಬೀಗ ಹಾಕುವ ಮುನ್ನ ಕಡತಗಳನ್ನು ನಕಲು ಮಾಡಿಕೊಂಡು, ಹಣ ಕೊಡದಿದ್ದರೆ ಬಯಲು ಮಾಡುವೆವೆಂದು ಬೆದರಿಸುವುದನ್ನು ರೂಢಿಸಿಕೊಂಡಿದ್ದಾರೆ. ಪ್ರತಿ ನಮ್ಮ ಬರಹವನ್ನು ಉಳಿಸೀತು, ಗುಟ್ಟನ್ನು ಉಳಿಸದು. ಇದಕ್ಕೆ ಮದ್ದು, ಬೇಡದ್ದನ್ನು ಇಟ್ಟುಕೊಳ್ಳದಿರುವುದು. ಐದು ವರ್ಷ ಹಿಂದಿನ ವಿದ್ಯಾರ್ಥಿಗಳ ಆಧಾರ್ ಪ್ರತಿ, ಜಾತಿ ಪತ್ರ, ಬ್ಯಾಂಕಿನ ಸಂಖ್ಯೆ ಇವು ಕಾಲೇಜು ಕಚೇರಿಗಳಲ್ಲಿಯೂ ಜೆರಾಕ್ಸ್ ಅಂಗಡಿಗಳಲ್ಲಿಯೂ ಏಕಿರಬೇಕು? ಕೆಲಸ ಮುಗಿದ ಕೂಡಲೆ ಅಳಿಸುವುದು ಒಂದು ಧರ್ಮವೆಂದೇ ತಿಳಿಯಬೇಕು.

ಇನ್ನುಳಿದ ಎಚ್ಚರಗಳು ಹೇಳಲು ಸುಲಭ, ಪಾಲಿಸಲು ಕಠಿಣವೇನಲ್ಲ. ವ್ಯವಸ್ಥೆಯ ತೇಪೆಗಳನ್ನು ಬಂದ ಬಂದಂತೆ ಹಾಕಿಕೊಳ್ಳಬೇಕು. ಕಳ್ಳಪ್ರತಿಯ ತಂತ್ರಾಂಶವನ್ನೂ ಅದನ್ನು ನಡೆಸಲು ಕೊಡುವ ‘ಕ್ರ್ಯಾಕ್’ ಎಂಬುದನ್ನೂ ತೊರೆಯಬೇಕು. ಪುಕ್ಕಟೆಯಾಗಿ ಬೀಗ ಮುರಿದುಕೊಡುವವನು ನಮ್ಮ ಬೀಗವನ್ನೂ ಮುರಿದಾನು. ಗುರುತಿಲ್ಲದವರ ಅಂಚೆಗೆ ಲಗತ್ತಾದ ‘ಬಿಲ್ಲು’ಗಳನ್ನೂ ಮೊಬೈಲಿಗೆ ಬರುವ ಎಪಿಕೆ ರೂಪದ ಲಗ್ನಪತ್ರಿಕೆಗಳನ್ನೂ ತೆರೆಯಬಾರದು, ನಿಜವಾದ ಲಗ್ನಪತ್ರಿಕೆಗೆ ಯಾವ ಅನುಮತಿಯೂ ಬೇಕಿಲ್ಲ. ಗುಪ್ತಪದ ಉದ್ದವಾಗಿರಲಿ, ಒಂದೊಂದು ಕಡೆಗೆ ಒಂದೊಂದಿರಲಿ. ಎರಡನೆಯ ಹಂತದ ಪರಿಶೀಲನೆಯನ್ನು ಎಲ್ಲೆಡೆಯೂ ಇಟ್ಟುಕೊಳ್ಳಿರಿ. ದೂರದಿಂದ ಯಂತ್ರವನ್ನು ನಡೆಸುವ ಸೌಕರ್ಯ ಬೇಡವಾದಾಗ ಮುಚ್ಚಿರಲಿ. ದಿನದ ಬರವಣಿಗೆಗೆ ಸರ್ವಾಧಿಕಾರದ ಖಾತೆ ಬೇಡ, ಸಾಮಾನ್ಯ ಖಾತೆ ಸಾಕು. ವಿಂಡೋಸಿನಲ್ಲಿಯೇ ಇರುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಕಾವಲನ್ನು ತೆರೆದಿಟ್ಟರೆ, ಗುರುತಿಲ್ಲದ ತಂತ್ರಾಂಶ ನಮ್ಮ ಕಡತಗಳನ್ನು ತಿದ್ದದಂತೆ ತಡೆಯುತ್ತದೆ.

ಇಷ್ಟರ ಮೇಲೂ ಬೀಗ ಬಿದ್ದರೆ, ಮೊದಲು ಜಾಲದ ತಂತಿಯನ್ನು ಕಿತ್ತು, ವೈಫೈ ಆರಿಸಿ, ಪಕ್ಕದ ಯಂತ್ರಗಳನ್ನು ಉಳಿಸಿಕೊಳ್ಳಬೇಕು. ತೆರೆಯ ಮೇಲಿನ ಒಕ್ಕಣೆಯ ಚಿತ್ರ ತೆಗೆದಿಡಬೇಕು. ಗಾಬರಿಯಿಂದ ಎಲ್ಲವನ್ನೂ ಅಳಿಸಬಾರದು. ಡಚ್ಚರ ಪೊಲೀಸರೂ ಯೂರೋಪೋಲೂ ಇತರರೂ ಕೂಡಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ಎಂಬ ಜಾಲತಾಣದಲ್ಲಿ ಹಲವು ಬೀಗಗಳ ಕೈಗಳು ಉಚಿತವಾಗಿ ದೊರೆಯುತ್ತವೆ. ಇಂದು ಇಲ್ಲದ ಕೈ ನಾಳೆ ಬಂದೀತು. ಜಿಲ್ಲೆಯ ಸಿ.ಇ.ಎನ್. ಪೊಲೀಸು ಠಾಣೆಗೆ ದೂರು ಕೊಡಬೇಕು. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸಂಸ್ಥೆಗಳಾದರೆ, 2022ರ ಏಪ್ರಿಲ್ 28ರ ಆದೇಶದಂತೆ, ಗೊತ್ತಾದ ಆರು ಗಂಟೆಗಳೊಳಗೆ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ತಿಳಿಸಬೇಕು. ಮಾನಕ್ಕಂಜಿ ಮುಚ್ಚಿಟ್ಟ ರೋಗ ಊರಿಗೆ ಹರಡುತ್ತದೆ.

ನಮ್ಮ ಕಾಲೇಜುಗಳಲ್ಲಿ ಗ್ರಂಥಸಂಪಾದನಶಾಸ್ತ್ರವನ್ನು ಬೋಧಿಸುವಾಗ ಪ್ರತಿ, ಪ್ರತಿಕಾರ, ಪಾಠಾಂತರಗಳೆಂಬ ಮಾತುಗಳು ಬರುತ್ತವೆ; ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಗಳು ಅವನ್ನು ಮರೆಯುತ್ತಾರೆ. ಅದೇ ತರಗತಿಯಲ್ಲಿ ಒಂದು ದಿನ, ಅವರವರ ಪ್ರಬಂಧಕ್ಕೆ ಈಗ ಎಷ್ಟು ಪ್ರತಿಗಳಿವೆ, ಎಲ್ಲೆಲ್ಲಿವೆ ಎಂದು ಅಧ್ಯಾಪಕರು ಕೇಳಬಹುದು. ಒಂದೇ ಎಂದವನು ಅಂದೇ ಎರಡನೆಯದನ್ನು ಮಾಡಿಕೊಂಡರೆ, ಪಾಠ ಸಾರ್ಥಕ.